ಹಾಸಿಗಿ ಹಾಕಿದಾಕಿ ಹೆಸರು

ಹೋದ ತಿಂಗಳ ನಮ್ಮ ತಮ್ಮ ಫೋನ್ ಮಾಡಿ, "ಅಕ್ಕಾ, ಊರ ಮನಿ ಸುಮ್ನ ಬಿದ್ದದ. ಹೋಂಸ್ಟೇ ಮಾಡೋಣು ಅಂತ ಮಾಡೇನಿ. ನೀ ಏನರ ಬರಕೋತ ಇರ್ತೀಯಲ್ಲಾ, ಬಂದವ್ರು ಓದೋ ಹಂಗ ಮನಿ ಇತಿಹಾಸ ಒಂದ ಪುಟ ಬರದು ಕೊಡು" ಅಂದ. ಒಂದ ಪುಟ ಅಲ್ಲೇನ್ರಿ, ಅರ್ಧಾ ತಾಸಿನ ಕೆಲಸ ಅಂತ ಚಹಾ ಮಾಡ್ಕೊಂಡು ಕೂತೆ. ಮೂರು ವಾರ ಆತು, ಇನ್ನೂ ಮುಗದಿಲ್ಲ. ಯಾಕ ಮುಗದಿಲ್ಲ ಅಂತ ಹೇಳಬೇಕಂದ್ರ, ನಾ ಅಮೇರಿಕಾದಾಗ ನೋಡಿ ಬಂದ ಒಂದು ಮನಿ ಕತಿ ಮೊದಲ ಹೇಳಬೇಕು. ವೈನಿಗೋಳು, ಮೌಶಿಗೋಳು, ಓಣಿಯವ್ರು ಎಲ್ಲಾರೂ ಒಂದೀಟು ಸಮಾಧಾನದಿಂದ ಓದ್ರಿ. ಕತಿ ಸ್ವಲ್ಪ ಕೆಟ್ಟದ್ದದ, ರಾತ್ರಿ ಊಟ ಆದಮ್ಯಾಲ ಓದಬ್ಯಾಡ್ರಿ.

ಮಗಳ ಬಾಣಂತನಕ್ಕ ಬಾಸ್ಟನ್ನಿಗೆ ಹೋಗಿದ್ನೆಲ್ಲಾ, ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದಾಗ ಫಾಲ್ ರಿವರ್ ಅಂತ ಊರದ. ಒಂದ ಕಾಲಕ್ಕ ಅರಿವಿ ಗಿರಣಿಗೋಳಿಗೆ ಭಾಳ ಹೆಸರಾದ ಊರು. ಕಲ್ಲಿನ ದೊಡ್ಡ ದೊಡ್ಡ ಗಿರಣಿ ಕಟ್ಟಡ ಈಗೂ ನಿಂತಾವ. ಆ ಊರಾಗ ಸೆಕೆಂಡ್ ಸ್ಟ್ರೀಟ್ ಅನ್ನೋ ಓಣ್ಯಾಗ ಒಂದು ಕಟ್ಟಿಗಿ ಮನಿ. 1845ರಾಗ ಕಟ್ಟಿದ್ದು. ಅಮೇರಿಕಾದಾಗ ವಿಕ್ಟೋರಿಯಾ ರಾಣಿ ರಾಜ್ಯ ಇರಲಿಲ್ಲ, ಆದ್ರೂ ಆಕಿ ಕಾಲದಾಗ ಕಟ್ಟಿದ ಮನಿಗೆ ವಿಕ್ಟೋರಿಯನ್ ಮನಿ ಅಂತ ಅನ್ನೋದು ಅಲ್ಲಿ ರೂಢಿ. ಈಗ ಅದು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಆಗೇದ. ಅಂದ್ರ ರಾತ್ರಿ ಮಲಗ್ಲಿಕ್ಕೆ ಒಂದು ಖೋಲಿ, ಮುಂಜಾನೆ ಎದ್ದ ಕೂಡ್ಲೆ ನ್ಯಾರಿ. ಹಗಲ ಹೊತ್ತಿನ್ಯಾಗ ತಿಕೀಟು ತೊಗೊಂಡು ಮನಿ ಸುಮ್ನ ನೋಡಿ ಬರಲೂಬಹುದು. ನಾನು ಮಗಳು ಹಂಗ ಹೋದವ್ರು. ಕೂಸಿನ್ನ ಅಳಿಯಾಂದ್ರ ಕೈಯಾಗ ಕೊಟ್ಟು, ಲಗೂನ ಬರ್ತೇವಿ ಅಂತ ಹೇಳಿ ಹೋಗಿದ್ವಿ.

ಆ ಮನಿ ಪ್ರಸಿದ್ಧ ಆಗಿದ್ದು ಅದರ ಕಂಬ, ಕಮಾನಿನಿಂದ ಅಲ್ಲ. 1892ರ ಆಗಸ್ಟ್ 4ಕ್ಕ ಮುಂಜಾನೆ ಆ ಮನ್ಯಾಗ ಗಂಡ ಹೆಂಡತಿ ಇಬ್ಬರ ಕೊಲಿ ಆತು. ಗಂಡ ಆ್ಯಂಡ್ರೂ ಬೋರ್ಡನ್, ಊರಿನ ಶ್ರೀಮಂತ, ಬ್ಯಾಂಕಿನ ಅಧ್ಯಕ್ಷ. ಹೆಂಡತಿ ಆ್ಯಬಿ, ಎರಡನೇ ಸಂಬಂಧ. ಮೊದಲನೇ ಹೆಂಡತಿ ತೀರಿಕೊಂಡಮ್ಯಾಲ 1865ರಾಗ ಮಾಡಿಕೊಂಡಿದ್ದು. ಮೊದಲನಾಕಿ ಮಕ್ಕಳು ಇಬ್ಬರು, ಎಮ್ಮಾ ಮತ್ತ ಲಿಜ್ಜೀ. ಇಬ್ಬರದೂ ಲಗ್ನ ಆಗಿರಲಿಲ್ಲ, ಅದ ಮನ್ಯಾಗ ಇದ್ದರು. ಆ ದಿವಸ ಎಮ್ಮಾ ಊರಾಗ ಇರಲಿಲ್ಲ. 32 ವರ್ಷದ ಲಿಜ್ಜೀ ಮ್ಯಾಲ ಕೇಸ್ ಆತು. ಮುಂದಿನ ವರ್ಷ ಜೂನ್ 20ಕ್ಕ ಆಕಿ ತಪ್ಪಿತಸ್ಥಳಲ್ಲ ಅಂತ ಕೋರ್ಟಿನಾಗ 12 ಮಂದಿ ಗಂಡಸರ ಪಂಚಾಯತಿ ತೀರ್ಪು ಕೊಡ್ತು. ಖರೇ ಯಾರು ಮಾಡಿದ್ರು ಅನ್ನೋದು ಇವತ್ತಿಗೂ ಬಗೆಹರದಿಲ್ಲ. ನಾನೂ ಅದರ ಸುದ್ದಿಗೆ ಹೋಗಂಗಿಲ್ಲ. ಕೋರ್ಟು ಬಿಟ್ಟ ಹೆಣ್ಮಗಳನ್ನ ನಾವು ಇಲ್ಲಿ ಕೂತು ಹಿಡ್ಯೋದು ಸರಿ ಅಲ್ಲ.

ಮುಂದ 1996ರಾಗ ಆ ಮನಿ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಆತು. ಹಳೇ ಫೋಟೋ ನೋಡಿ ನೋಡಿ ಅಂಥಾದ ಪಲ್ಲಂಗ, ಅಂಥಾದ ಪಡದಾ ತಂದು ಹಚ್ಯಾರ. ಆ್ಯಂಡ್ರೂ ಸತ್ತ ಸೋಫಾದಂಥಾದ ಇನ್ನೊಂದು ಸೋಫಾ ಇಟ್ಟಾರ. 2021ರಾಗ ಮನಿ ಮಾರಾಟ ಆದಾಗ ಸುಮಾರು 19 ಲಕ್ಷ ಡಾಲರಿಗೆ ಹೋತು. ಬಂದ ಮಂದಿ ಎಲ್ಲಕ್ಕಿಂತ ಹೆಚ್ಚು ಬೇಡೋದು ಯಾವ ಖೋಲಿ ಗೊತ್ತೇನ್ರಿ? ಮ್ಯಾಲಿನ ಮಜಲಿನ್ಯಾಗಿನ ಬೀಗರ ಖೋಲಿ. ಆ್ಯಬಿ ಸತ್ತ ಖೋಲಿ.

ನನಗ ಹೊಟ್ಟಿಯೊಳಗ ಕಲಿಸಿದಂಗ ಆಗಿದ್ದು ಅಲ್ಲೇ. ಆಕಿ ಆ ಖೋಲಿಗೆ ಯಾಕ ಹೋಗಿದ್ಲು? ಹಿಂದಿನ ರಾತ್ರಿ ಮನಿಗೆ ಬೀಗರು ಬಂದಿದ್ದರು. ಯಾರು? ಮೊದಲನೇ ಹೆಂಡತಿ ಅಣ್ಣತಮ್ಮಂದಿರೊಳಗ ಒಬ್ಬ. ಅಂವ ಮಲಗಿ ಎದ್ದು ಹೋದ ಹಾಸಿಗಿ ಸರಿ ಮಾಡಿ, ತಲಿದಿಂಬಿಗೆ ತೊಳದ ಗವಸು ಹಾಕ್ಲಿಕ್ಕೆ ಹೋಗಿದ್ಲು, 64 ವರ್ಷದ ಹೆಣ್ಮಗಳು. ಸವತಿ ತವರಿನವ್ರ ಹಾಸಿಗಿ ಹಾಕೋವಾಗ ಹೋತು ಆಕಿ ಜೀವ. ನಾವು ದಿನಾ ಮುಂಜಾನೆ ಮಾಡೋ ಕೆಲಸಾನ ಅದು, ಅಲ್ಲೇನು? ಬೀಗರು ಹೋದ ಮ್ಯಾಲ ಚಾದರ ಝಾಡಿಸಿ, ದಿಂಬಿನ ಗವಸು ಬದಲಾಯಿಸೋದು. ಆ ಖೋಲ್ಯಾಗ ನಿಂತು ನಾ ಪಲ್ಲಂಗ ನೋಡ್ಲಿಲ್ಲ, ದಿಂಬ ನೋಡ್ಕೋತ ನಿಂತೆ.

ಕೆಳಗ ಇಳದ ಮ್ಯಾಲ ಮಂದಿ ಕೇಳಿದ್ದೆಲ್ಲಾ ಕೊಡ್ಲಿ ಸುದ್ದಿ. ಎಷ್ಟು ಏಟು, ಎಲ್ಲಿ ಸಿಕ್ತು, ರಾತ್ರಿ ಸಪ್ಪಳ ಬರ್ತದೇನು. ಸುಳ್ಳ ಯಾಕ ಹೇಳ್ಲಿ, ದೆವ್ವದ ಸುದ್ದಿ ಮೊದಲ ಕೇಳಿದಾಕಿ ನಾನ! ತೋರಿಸಲಿಕ್ಕೆ ಬಂದ ಹುಡುಗಿ ಎಲ್ಲಾ ಛಲೋತ್ನಾಗ ಹೇಳಿದ್ಲು. ತಪ್ಪು ಆಕೀದಲ್ಲ. ಕೇಳೋ ನಮಗ ಏನು ಬೇಕೋ ಅದನ್ನ ಆ ಮನಿ ಮಾರತದ. ಮನಿಯವ್ರು ಆ ದಿವಸ ತಿಂದ ನ್ಯಾರಿಗೆ ಹೋಲುವಂಥಾದ್ದನ್ನ ಈಗಿನವ್ರಿಗೂ ಬಡಸ್ತಾರಂತ. ಜಾನಿ ಕೇಕ್ ಅಂದ್ರ ಮೆಕ್ಕೆಜೋಳದ ಹಿಟ್ಟಿನ ದಪ್ಪ ದೋಸಿಯಂಥಾದ್ದು. ತಿನ್ನೋವ್ರು ತಿಂತಾರ. ಅದನ್ನ ಅವತ್ತು ಯಾರು ಮಾಡಿದ್ಲು ಅಂತ ಕೇಳೋವ್ರು ಭಾಳ ಕಡಿಮಿ.

ಅವತ್ತು ಅಡಿಗಿಮನ್ಯಾಗ ಇದ್ದಾಕಿ ಬ್ರಿಜೆಟ್ ಸಲಿವನ್. ಐರ್ಲೆಂಡಿನಿಂದ ಹೊಟ್ಟಿಪಾಡಿಗೆ ಹಡಗು ಹತ್ತಿ ಬಂದ ಹುಡುಗಿ. ಹಿಂದಿದ್ದ ಕೆಲಸದಾಕಿ ಹೆಸರು ಮ್ಯಾಗಿ ಅಂತ ಇತ್ತಂತ. ಅದಕ್ಕ ಆ ಮನಿ ಅಕ್ಕತಂಗಿ ಇಬ್ಬರೂ ಈಕಿಗೂ ಮ್ಯಾಗಿ ಅಂತನ ಕರೀತಿದ್ದರು. ಹೆಸರು ಬದಲಾಯಿಸೋ ತ್ರಾಸ ಯಾಕ ಅಂತ! ಆ ಮುಂಜಾನೆ ಆಕಿಗೆ ಆರಾಮ ಇರಲಿಲ್ಲ, ವಾಂತಿ ಆಗಿತ್ತು. ಆದ್ರೂ ಎಲ್ಲಾ ಖಿಡಕಿ ಒಳಗ ಹೊರಗ ತೊಳಿಬೇಕು ಅಂತ ಆ್ಯಬಿ ಹೇಳಿದ್ಲು. ಆಗಸ್ಟ್ ತಿಂಗಳಾಗ ಬಕೀಟು ಹೊತ್ಕೊಂಡು ತೊಳದು ಮುಗಿಸಿ, ಅಟ್ಟದ ಮ್ಯಾಲಿನ ತನ್ನ ಖೋಲ್ಯಾಗ ಹೋಗಿ ಆಡ್ಡಾದ್ಲು. ಆಗ ಕೆಳಗಿನಿಂದ ಕೂಗು ಬಂತು. ಆಕಿ ಮುಂದ ಮೊಂಟಾನಾ ಅನ್ನೋ ದೂರದ ಸೀಮಿಗೆ ಹೋಗಿ, ಲಗ್ನ ಮಾಡ್ಕೊಂಡು, 1948ರಾಗ ತೀರಿಕೊಂಡ್ಲು. ಆಕಿ ಒಳ್ಳೆಯಾಕಿ, ಆ್ಯಬಿ ಸುದ್ದ ದೇವತಿ ಅಂತ ನಾ ಹೇಳಂಗಿಲ್ಲ. ಆರಾಮ ಇಲ್ಲದಾಕಿ ಕಡೆ ಖಿಡಕಿ ತೊಳಸಿದಾಕಿನೂ ಅದ ಆ್ಯಬಿನ. ನಾವೂ ಹಂಗ ಮಾಡೇವಿ, ಒಳಗ ಕೈ ಇಟ್ಕೊಂಡು ನೋಡ್ಕೋರಿ.

ಈಗ ಮನಿ ಇತಿಹಾಸಕ್ಕ ಬರ್ತೇನಿ. ನನಗ ಅನಿಸಿದ್ದು ಇಷ್ಟು. ಆ ಮನಿ ಖರೇ ಇತಿಹಾಸ ಕೊಡ್ಲ್ಯಾಗ ಇಲ್ಲ, ಕೀಲ್ಯಾಗ ಮತ್ತ ಕಾಗದದಾಗ ಅದ.

ಕೀಲಿ ಸುದ್ದಿ ಕೇಳ್ರಿ. ಆ ಮನಿ ಮೊದಲ ಎರಡು ಸಂಸಾರ ಇರಲಿ ಅಂತ ಕಟ್ಟಿದ್ದು. 1872ರಾಗ ಆ್ಯಂಡ್ರೂ ತೊಗೊಂಡು ಒಂದ ಮನಿ ಮಾಡಿದ. ಆದ್ರ ಮ್ಯಾಲಿನ ಮಜಲಿನ್ಯಾಗ ನಡುವ ಓಡಾಡೋ ದಾರಿನ ಇಲ್ಲ, ಒಂದು ಖೋಲಿ ಹಾಯ್ದು ಇನ್ನೊಂದಕ್ಕ ಹೋಗಬೇಕು. ಮುಂದಿನ ಮೆಟ್ಟಲು ಹತ್ತಿದ್ರ ಹೆಣ್ಣುಮಕ್ಕಳ ಖೋಲಿ ಮತ್ತ ಬೀಗರ ಖೋಲಿ. ಹಿಂದಿನ ಮೆಟ್ಟಲು ಹತ್ತಿದ್ರ ಗಂಡ ಹೆಂಡತಿ ಖೋಲಿ. ನಡುವಿನ ಕದಕ್ಕ ಎರಡೂ ಕಡೆಯಿಂದ ಬಂದೋಬಸ್ತು. 1891ರಾಗ ಹಾಡಹಗಲ ಆ ಖೋಲ್ಯಾಗ ಕಳವಾತು. ಆಮ್ಯಾಲ ಆ್ಯಂಡ್ರೂ ಖೋಲಿಗೆ ಕೀಲಿ ಹಾಕಿ, ಕೀಲಿಕೈ ಮಾತ್ರ ಕೆಳಗ ಎಲ್ಲಾರಿಗೂ ಕಾಣೋ ಹಂಗ ಇಡ್ತಿದ್ದ. ಎಲ್ಲಾರೂ ನೋಡ್ರಿ, ಯಾರೂ ಮುಟ್ಟಬ್ಯಾಡ್ರಿ ಅನ್ನೋ ಹಂಗ. ಒಂದ ಸೂರಿನ ಕೆಳಗ ಎರಡು ಮನಿ. ನೀರಿನ ಸೌಲತ್ತು ಮ್ಯಾಲಿನ ಮಜಲಿಗೆ ಇರಲಿಲ್ಲ. ದೀಪ ಚಿಮಣಿ ಎಣ್ಣಿದು. ಹಂತಾ ಶ್ರೀಮಂತನ ಮನ್ಯಾಗ! ರಾತ್ರಿ ಗಡಗಿ ಮುಂಜಾನೆ ಕೈಯಾಗ ಹಿಡಕೊಂಡು ಇಳದು ಹಿತ್ತಲದಾಗ ಚೆಲ್ಲಬೇಕು. ಅವತ್ತು ಅದನ್ನ ಆ್ಯಂಡ್ರೂನ ಚೆಲ್ಲಿ ಬಂದಿದ್ದ. ಅಷ್ಟು ಆಂವಗ ಒಪ್ಪಿಸಬೇಕು.

ಕಾಗದದ ಸುದ್ದಿ ಇನ್ನೂ ದೊಡ್ಡದು. ಕೊಲಿ ಆಗೋದಕ್ಕ ಐದು ವರ್ಷ ಮೊದಲ, 1887ರಾಗ, ಆ್ಯಬಿ ತಂಗಿ ಇದ್ದ ಮನಿ ಕೈಬಿಟ್ಟು ಹೋಗೋ ಪ್ರಸಂಗ ಬಂತು. ಆ್ಯಂಡ್ರೂ ಅದರಾಗ ಅರ್ಧಾ ಪಾಲು ಕೊಂಡು ಆ್ಯಬಿ ಹೆಸರಿಗೆ ಮಾಡಿದ, ತಂಗಿ ಬೀದಿಗೆ ಬೀಳಬಾರದು ಅಂತ. ಹೆಣ್ಣುಮಕ್ಕಳಿಗೆ ಸಿಟ್ಟು ಬಂತು. ಆಕಿಗೆ ಕೊಟ್ರ ನಮಗ? ಆಂವ ಇವರಿಗೂ ಅಜ್ಜನ ಮನಿ ಒಂದು ಡಾಲರಿಗೆ ಬರದು ಕೊಟ್ಟ. ಸಮಾಧಾನ ಆಗ್ಲಿಲ್ಲ. ಅಲ್ಲೀತನಕ ಅವ್ವಾ ಅಂತಿದ್ದ ಲಿಜ್ಜೀ ಆಮ್ಯಾಲ 'ಮಿಸೆಸ್ ಬೋರ್ಡನ್' ಅನ್ನಲಿಕ್ಕೆ ಶುರು ಮಾಡಿದ್ಲು. ಮನ್ಯಾಗಿನ ಹೆಣ್ಮಗಳಿಗೆ ಹೊರಗಿನವ್ರನ್ನ ಕರದಂಗ. 1892ರ ಜುಲೈದಾಗ, ಕೊಲಿಗೆ ಕೆಲವು ವಾರ ಇದ್ದಾಗ, ಆ್ಯಂಡ್ರೂ ಆ ಅಜ್ಜನ ಮನಿ ತಿರುಗಿ ಮಕ್ಕಳ ಕಡೆಯಿಂದ 5000 ಡಾಲರಿಗೆ ತೊಗೊಂಡ.

ಸತ್ತ ಮ್ಯಾಲಿಂದು ಕೇಳ್ರಿ. ಆಂವ ಮೃತ್ಯುಪತ್ರ ಬರದಿಟ್ಟಿದ್ದು ಸಿಗಲಿಲ್ಲ. ಆಸ್ತಿ ಸುಮಾರು 3 ಲಕ್ಷ ಡಾಲರು, ಆಗಿನ ಕಾಲಕ್ಕ. ಮೊದಲ ಗಂಡ ಸತ್ತಿದ್ರ ಹೆಂಡತಿಗೆ ಪಾಲು ಬಂದು, ಆಕಿ ಹಿಂದ ಆಕಿ ತವರಿನವ್ರಿಗೆ ಹೋಗಬೇಕಿತ್ತು. ಆದ್ರ ಹೆಂಡತಿ ಗಂಡನಕಿಂತ ಒಂದು ತಾಸಿಗೂ ಹೆಚ್ಚು ಮೊದಲ ಸತ್ತಾಳ ಅಂತ ಡಾಕ್ಟರು ಹೇಳಿದ್ರು. ಹಿಂಗಾಗಿ ಆತನ ಆಸ್ತಿ ಪೂರಾ ಹೆಣ್ಣುಮಕ್ಕಳಿಗೆ. 27 ವರ್ಷ ಆ ಸಂಸಾರ ಮಾಡಿದಾಕಿ ಕಡೆಯವ್ರಿಗೆ ಆತನದು ಏನೂ ಇಲ್ಲ. ಒಂದು ತಾಸಿನ ಲೆಕ್ಕದಾಗ ಹೋತು! ಅಕ್ಕತಂಗಿ ಇಬ್ಬರೂ ಊರ ಮ್ಯಾಲಿನ ಶ್ರೀಮಂತರ ಓಣ್ಯಾಗ ದೊಡ್ಡ ಮನಿ ತೊಗೊಂಡ್ರು. ಅಲ್ಲಿ ಮಾತ್ರ ನಲ್ಲಿ, ಬಚ್ಚಲ, ಎಲ್ಲಾ ಸೌಲತ್ತು. 1905ರಾಗ ಅವರಿಬ್ಬರೂ ಬ್ಯಾರೆ ಆದ್ರು. 1927ರ ಜೂನ್ ಒಂದಕ್ಕ ಲಿಜ್ಜೀ ತೀರಿದ್ಲು, ಒಂಬತ್ತು ದಿವಸಕ್ಕ ಎಮ್ಮಾ. ಎಲ್ಲಾರೂ ಈಗ ಒಂದ ಕಡೆ ಮಲಗ್ಯಾರ, ಅದ ಊರಿನ ಸ್ಮಶಾನದಾಗ, ಆ್ಯಬಿ ಸುದ್ದ. ಮನಿ ಬೋರ್ಡಿನ ಮ್ಯಾಲ ಹೆಸರು ಮಾತ್ರ ಲಿಜ್ಜೀದು.

ಇಷ್ಟು ನೋಡಿ ಕಾರಿನ್ಯಾಗ ಬರೋವಾಗ ಮಗಳು, "ಅವ್ವಾ, ಯಾಕ ಸುಮ್ನ ಕೂತೀ? ಅಂಜಿದಿ ಏನು?" ಅಂತ ಕೇಳಿದ್ಲು. ಅಂಜಿಕಿ ಅಲ್ಲ. ನನಗ ನಮ್ಮ ಚಿಕ್ಕವ್ವ ನೆನಪಾಗಿದ್ಲು.

ನಿಮ್ಮೊಳಗ ಭಾಳ ಮಂದಿಗೆ ಗೊತ್ತದ, ನನ್ನ ಹಡದಾಕಿ ನಾ ಏಳು ವರ್ಷದಾಕಿ ಇದ್ದಾಗ ಹೋದ್ಲು. ವರ್ಷದಾಗ ಅಪ್ಪ ಚಿಕ್ಕವ್ವನ್ನ ಮಾಡ್ಕೊಂಡು ಬಂದ. ಆಕಿ ನಮಗ ಎಂದೂ ಬ್ಯಾರೆ ಬಡಸಲಿಲ್ಲ, ಕೈ ಎತ್ತಲಿಲ್ಲ. ಆದ್ರೂ ನಾ ಆಕಿನ್ನ ಅವ್ವಾ ಅಂತ ಕರೀಲಿಲ್ಲ. ಎದುರಿಗೆ ಏನೂ ಕರೀದ ಮಾತಾಡ್ತಿದ್ದೆ. ಬ್ಯಾರೆಯವ್ರ ಮುಂದ 'ಅವರು' ಅಂತಿದ್ದೆ. ಮರ್ಯಾದಿ ಅಲ್ಲ ಅದು, ದೂರ ಇಡೋದು. ಮಿಸೆಸ್ ಬೋರ್ಡನ್ ಅನ್ನೋ ಮಾತು ಕೇಳಿದ ಕೂಡ್ಲೆ ನನಗ ತಿಳೀತು, ಅಮೇರಿಕಾದಾಕಿ ಮಾಡಿದ್ದನ್ನ ನಾ ಇಲ್ಲಿ ಮಾಡೇನಿ ಅಂತ. ಊರ ಜಾತ್ರಿಗೆ ಹಿಂಡಗಟ್ಟಲೆ ಬೀಗರು ಬರ್ತಿದ್ದರು. ನನ್ನ ಹಡದವ್ವನ ತವರಿನವ್ರೂ ಬರ್ತಿದ್ದರು. ಅವರ ಹಾಸಿಗಿ ಹಾಕೋದು, ತೆಗಿಯೋದು ಚಿಕ್ಕವ್ವ.

ಅಪ್ಪ ಹೋದ ಮ್ಯಾಲ ವಾಟಣಿ ಆತು. ಪಡಸಾಲ್ಯಾಗ ಹಿರಿಯರು ಕೂತಿದ್ದರು. ಚಿಕ್ಕವ್ವ ಎಲ್ಲಾರಿಗೂ ಚಹಾ ಕೊಟ್ಲು. ಆಮ್ಯಾಲ ಒಂದು ಕಾಗದ ಆಕಿ ಮುಂದ ಹಿಡದ್ರು, ನನಗ ಪಾಲು ಬ್ಯಾಡ ಅಂತ ಬರದಿದ್ದು. ಆಕಿ ಸೆರಗಿನ್ಯಾಗ ಕೈ ಒರಸ್ಕೊಂಡು ಸಹಿ ಮಾಡಿದ್ಲು. ಓದಲಿಲ್ಲ. ಯಾರೂ ಓದಿ ಹೇಳಲಿಲ್ಲ. 1956ರ ಕಾಯ್ದೆಯೊಳಗ ತೀರಿಹೋದ ಗಂಡನ ಪಾಲಿನ್ಯಾಗ ಹೆಂಡತಿಗೆ ಮಕ್ಕಳಷ್ಟ ಹಕ್ಕದ, ಎರಡನೇ ಸಂಬಂಧ ಆಗಿದ್ರೂ. ಮೊದಲನಾಕಿ ತೀರಿದ ಮ್ಯಾಲ ಲಗ್ನ ಆದಾಕಿ ಪೂರಾ ಹೆಂಡತಿನ. ಇದು ನನಗ ಗೊತ್ತಿತ್ತು. ನಾ ಬಾಯಿ ಬಿಡಲಿಲ್ಲ. ನಮ್ಮ ಮನ್ಯಾಗ ಕೊಡ್ಲಿ ಇರಲಿಲ್ಲ ಅಷ್ಟ. ಪೆನ್ ಇತ್ತು.

ಚಿಕ್ಕವ್ವಗ ಈಗ 80 ದಾಟ್ಯದ, ತಮ್ಮನ ಮನ್ಯಾಗ ಇದ್ದಾಳ, ಆಕಿ ತಮ್ಮನ ಮನ್ಯಾಗ, ನಮ್ಮ ತಮ್ಮನ ಮನ್ಯಾಗ ಅಲ್ಲ. ಇತಿಹಾಸ ಬರೀಲಿಕ್ಕೆ ಕೂತಾಗ ಆಕಿಗೆ ಫೋನ್ ಹಚ್ಚಿದೆ. "ಊರ ಮನ್ಯಾಗ ನಿಮ್ಮ ಖೋಲಿ ಯಾವುದಿತ್ತು? ಅದಕ್ಕ ನಿಮ್ಮ ಹೆಸರು ಇಡಬೇಕಂತ ಮಾಡೇನಿ" ಅಂದೆ. ಆಕಿ ನಕ್ಕಳು. "ನಂಗ ಖೋಲಿ ಎಲ್ಲಿತ್ತವಾ? ಅಡಿಗಿಮನಿ ಬಾಜೂಕ ಹಾಸ್ಕೋತಿದ್ದೆ. ಬೀಗರು ಬಂದ್ರ ಅದನ್ನೂ ಬಿಟ್ಟು ಕಟ್ಟಿ ಮ್ಯಾಲ." ಎಷ್ಟು ವರ್ಷ ಅದ ಮನ್ಯಾಗ ಇದ್ದು, ನನಗ ಇದು ಲಕ್ಷ್ಯಕ್ಕನ ಬಂದಿರಲಿಲ್ಲ ನೋಡ್ರಿ.

ಹಳೇ ಮನಿ ಬೀಗರಿಗೆ ಕೊಡೋದು ತಪ್ಪು ಅಂತ ನಾ ಅನ್ನಂಗಿಲ್ಲ. ಬೀಳೋಕಿಂತ ನಾಲ್ಕು ಮಂದಿ ಬಂದು ಉಂಡು ಮಲಗಿ ಹೋಗೋದು ಛಲೋ. ಫಾಲ್ ರಿವರಿನ ಮನಿ ಸುದ್ದ ಹಂಗ ಉಳಕೊಂಡದ, ಇಲ್ಲಾಂದ್ರ ಅದರ ಹೆಸರೂ ಇರ್ತಿರಲಿಲ್ಲೋ ಏನೋ. ಆದ್ರ ದುಡ್ಡು ತೊಗೊಂಡು ಮನಿ ತೋರಸೋವಾಗ ಅದರ ಕತಿ ಖರೇ ಇರಬೇಕು. ಕಟ್ಟಿಸಿದ ಅಜ್ಜಂದು ಒಂದ ಸಾಲು ಸಾಕು. ಉಳಿದಿದ್ದು ಅದನ್ನ ದಿನಾ ಸಾರಿಸಿ, ನೀರು ಹೊತ್ತು, ಹಾಸಿಗಿ ಹಾಕಿ ನಡಸಿದವ್ರದು. ಅದೂ ಅವರ ಅಪ್ಪ ಅವ್ವ ಇಟ್ಟ ಹೆಸರಿನಿಂದ, ನಾವು ಇಟ್ಟ 'ಅವರು', 'ಮ್ಯಾಗಿ' ಇಂದಲ್ಲ. ಮತ್ತ ಬೋರ್ಡಿನ ಮ್ಯಾಲ ಹೆಸರು ಬರದು, ಉತಾರದಾಗ ಹೆಸರು ಇಲ್ಲಂದ್ರ ಅದು ಬರೇ ಶೋಭಾಕ್ಕ.

ಇದನ್ನೆಲ್ಲಾ ತಮ್ಮಗ ಹೇಳಿದೆ. ಚಿಕ್ಕವ್ವನ ಪಾಲು ಆಕಿ ಇರೋತನಕ ಆಕಿ ಕೈಗೆ ಮುಟ್ಟಲಿ, ವಕೀಲರನ್ನ ಕೇಳಿ ಹೊಸಾ ಕಾಗದ ಮಾಡಸೋಣು, ನನ್ನ ಪಾಲಿನ್ಯಾಗಿಂದು ಮೊದಲ ತೆಗಿ, ಆಮ್ಯಾಲ ಬೀಗರನ್ನ ಕರಿ ಅಂದೆ. ಆಂವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಒಂದ ಪುಟ ಇತಿಹಾಸ ಕೇಳಿದ್ರ ಇಷ್ಟು ಖರ್ಚಿಗೆ ತಂದಿಯಲ್ಲಕ್ಕಾ" ಅಂದ. ಆಮ್ಯಾಲ, "ನಿನ್ನ ವೈನಿನ್ನ ಒಂದ ಮಾತು ಕೇಳಿ ಹೇಳ್ತೇನಿ" ಅಂದ. ನಮ್ಮ ವೈನಿ ಇದನ್ನ ಓದತಾಳ, ನನಗ ಗೊತ್ತದ. ವೈನಿ, ನಿನ್ನ ಹೆಸರೂ ಒಂದಿನ ಆ ಪುಟದಾಗ ಬರೋದದ, ನೆನಪಿಟ್ಕೋ.

ನೀವೂ ಒಂದು ಕೆಲಸ ಮಾಡ್ರಿ. ನಿಮ್ಮ ಮನ್ಯಾಗ ಮುದುಕೇರು ಯಾರರ ಇದ್ದರ, ನೀ ಈ ಮನ್ಯಾಗ ಎಲ್ಲಿ ಮಲಗ್ತಿದ್ದಿ ಅಂತ ಕೇಳ್ರಿ. ಸಹಿ ಮಾಡೋ ಪ್ರಸಂಗ ಬಂದ್ರ ಕಾಗದ ಓದಸ್ರಿ, ಚಹಾ ಆಮ್ಯಾಲ ಕೊಡ್ರಿ. ನಾ ಮುಂದಿನ ವಾರ ಚಿಕ್ಕವ್ವನ ಕಡೆ ಹೊಂಟೇನಿ. ಈ ವಯಸ್ಸಿನ್ಯಾಗ ಅವ್ವಾ ಅಂತ ಬಾಯಿಗೆ ಬರ್ತದೋ ಇಲ್ಲೋ, ನೋಡಬೇಕು. ಬಾಗಲದಾಗ ನಿಂತು ಒಂದ ಸಲ ಅಂದು ನೋಡ್ತೇನಿ.